ಟೆಕ್ಸಾಸ್‌ನಲ್ಲಿ ಹಳೇ ಟ್ರೇಲರ್ ಕೊಳ್ಳುವವರೇ, ಹೊಸ ಬಣ್ಣ ನೋಡಿ ಮೋಸ ಹೋಗಬೇಡಿ

ಡಾಲಸ್, ಆಸ್ಟಿನ್ ಸುತ್ತಮುತ್ತ ಐದೋ ಹತ್ತೋ ಎಕರೆ ಜಮೀನು ತಗೊಂಡಿರುವ ಕನ್ನಡದವರು ನನಗೆ ಗೊತ್ತಿರುವವರೇ ಸುಮಾರು ಜನ ಇದ್ದಾರೆ. ಜಮೀನು ಅಂದ ಮೇಲೆ ಟ್ರ್ಯಾಕ್ಟರ್. ಟ್ರ್ಯಾಕ್ಟರ್ ಅಂದ ಮೇಲೆ ಅದನ್ನು ಸಾಗಿಸಲು ಟ್ರೇಲರ್. ಪಿಕಪ್ ಮನೆಯಲ್ಲಿ ಹೇಗೂ ಇರುತ್ತದೆ. ಹೊಸ ಟ್ರೇಲರ್ ಯಾಕೆ, ಹಳೇದೇ ಸಾಕು ಅಂತ ಹೈವೇ ಪಕ್ಕದಲ್ಲಿ ಹಳೇ ಗಾಡಿ ಮಾರುವ ಲಾಟ್‌ಗಳಿಗೆ ಹೋಗುತ್ತೇವೆ. ಟೋಪಿ ಹಾಕುವುದು ಅಲ್ಲೇ. ನನಗೆ ಹಾಕಿದರು. 4,200 ಡಾಲರ್ ಕೊಟ್ಟು ಹಾಕಿಸಿಕೊಂಡು ಬಂದೆ. ದುಡ್ಡು ಹಾಳಾಗಿ ಹೋಗಲಿ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬ್ರೇಕೇ ಇಲ್ಲದ ಟ್ರೇಲರನ್ನು ಹೈವೇಯಲ್ಲಿ ಎಳೆದುಕೊಂಡು ಹೋದೆನಲ್ಲ, ಅದು ನೆನಪಾದರೆ ಈಗಲೂ ರಕ್ತ ಕುದಿಯುತ್ತದೆ.

ನನಗೆ ಬೇಕಿದ್ದದ್ದು 10,000 ಪೌಂಡಿನ ಟ್ರೇಲರ್. ಅಂದರೆ ಟ್ರೇಲರಿನ ಸ್ವಂತ ತೂಕ, ಮೇಲೆ ಏರಿಸಿದ ಸಾಮಾನಿನ ತೂಕ ಎರಡೂ ಸೇರಿ 10,000. ಸುಮಾರು ನಾಲ್ಕೂವರೆ ಟನ್. ನನ್ನ ಕುಬೋಟಾ ಟ್ರ್ಯಾಕ್ಟರ್, ಅದರ ಮುಂದಿನ ಲೋಡರ್, ಹಿಂದಿನ ಹುಲ್ಲು ಕತ್ತರಿಸುವ ಕಟರ್ ಎಲ್ಲ ಸೇರಿದರೆ 5,000 ದಾಟುತ್ತದೆ. ಖಾಲಿ ಟ್ರೇಲರೇ 2,000ದ ಮೇಲೆ. ಹಾಗಾಗಿ 7,000 ಪೌಂಡಿನದು ಸಾಲುವುದಿಲ್ಲ ಅಂತ ಲೆಕ್ಕ ಹಾಕಿಕೊಂಡೇ ಹೋಗಿದ್ದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಆಮೇಲೆ ಟ್ರೇಲರ್ ಮಾರಿದ ಆ ಪುಣ್ಯಾತ್ಮ ‘ನಿನಗೆ ಎಷ್ಟರದ್ದು ಬೇಕು ಅಂತ ನೀನು ಹೇಳಲೇ ಇಲ್ಲ’ ಅಂದ. ಹೇಳಿದ್ದೆ. ಮೆಸೇಜಿನಲ್ಲಿ ಬರೆದು ಕೇಳಿದ್ದೆ. ‘ಟೆನ್ ಕೆ, ನೋ ಪ್ರಾಬ್ಲಂ’ ಅಂತ ಹೆಬ್ಬೆರಳು ಎತ್ತಿದ ಚಿತ್ರದ ಜೊತೆ ಉತ್ತರ ಕಳಿಸಿದ್ದ. ಈಗಲೂ ನನ್ನ ಫೋನಿನಲ್ಲಿದೆ.

18 ಅಡಿ ಉದ್ದ, ಎರಡು ಆಕ್ಸಲ್, ಕಪ್ಪು ಬಣ್ಣ. ಬಣ್ಣ ಹೊಸದು, ಪಳಪಳ ಅನ್ನುತ್ತಿತ್ತು. ಟೈರುಗಳಿಗೂ ಪಾಲಿಶ್ ಹೊಡೆದಿದ್ದರು. ಟ್ರೇಲರಿನ ಮುಂದೆ ಎಡಗಡೆ ಒಂದು ಪುಟ್ಟ ಪ್ಲೇಟ್ ಇರುತ್ತದೆ ಅಲ್ವಾ, ವಿನ್ ನಂಬರ್ (ಗಾಡಿಯ ಗುರುತಿನ ಸಂಖ್ಯೆ), ಒಟ್ಟು ತೂಕ, ಆಕ್ಸಲ್ ತೂಕ ಎಲ್ಲ ಇರುವುದು? ಅದರ ಮೇಲೂ ಬಣ್ಣ. ವಿನ್ ನಂಬರಿನ ಸಾಲು ಮಾತ್ರ ನೀಟಾಗಿ ಕೆರೆದು ಓದುವ ಹಾಗೆ ಮಾಡಿದ್ದ. ತೂಕದ ಸಾಲುಗಳು ಬಣ್ಣದ ಕೆಳಗೆ. ಕೇಳಿದ್ದಕ್ಕೆ ‘ಪೇಂಟ್ ಹೊಡೆಯೋ ಹುಡುಗ ದಡ್ಡ, ಎಲ್ಲಾ ಕಡೆ ಹೊಡೆದುಬಿಟ್ಟ’ ಅಂತ ನಕ್ಕ. ನಾನೂ ನಕ್ಕೆ. ಟೈಟಲ್ ಕಾಗದಕ್ಕೆ, ಅಂದರೆ ಮಾಲಿಕತ್ವದ ಪತ್ರಕ್ಕೆ, ಬೇಕಾದ ನಂಬರನ್ನು ಮಾತ್ರ ಕೆರೆಯುವಷ್ಟು ಬುದ್ಧಿ ಆ ದಡ್ಡನಿಗೆ ಎಲ್ಲಿಂದ ಬಂತೋ.

ಇನ್ನು ಬ್ರೇಕಿನ ನಾಟಕ. ಇದನ್ನು ಗಮನವಿಟ್ಟು ಓದಿ. ನನ್ನದು ಫೋರ್ಡ್ ಎಫ್-150 ಪಿಕಪ್ ಟ್ರಕ್. ಹಿಂದೆ ಏಳು ಪಿನ್ನಿನ ದುಂಡು ಸಾಕೆಟ್ ಇದೆ. ಟ್ರೇಲರಿನಿಂದ ಬಂದದ್ದು ನಾಲ್ಕು ಪಿನ್ನಿನ ಚಪ್ಪಟೆ ಪ್ಲಗ್. ಅವನು ಜೇಬಿನಿಂದ ಒಂದು ಅಡಾಪ್ಟರ್ ತೆಗೆದು ಎರಡನ್ನೂ ಜೋಡಿಸಿದ. ‘ಹೋಗಿ ಕೂತು ಪೆಡಲ್ ಒತ್ತು’ ಅಂದ. ಒತ್ತಿದೆ. ಹಿಂದಿನಿಂದ ಜೋರಾಗಿ ‘ಬ್ರೇಕ್ಸ್ ಗುಡ್!’ ಅಂತ ಕೂಗಿದ. ಎಡಕ್ಕೆ ಇಂಡಿಕೇಟರ್ ಹಾಕು, ಗುಡ್. ಬಲಕ್ಕೆ ಹಾಕು, ಗುಡ್. ಆಯ್ತು, ಎಲ್ಲ ಗುಡ್.

ನಾಲ್ಕು ಪಿನ್ನಿನ ಪ್ಲಗ್‌ನಲ್ಲಿ ಹೋಗುವುದು ಬರೀ ಲೈಟಿನ ಕರೆಂಟ್. ಟ್ರೇಲರ್ ಚಕ್ರದೊಳಗಿನ ಎಲೆಕ್ಟ್ರಿಕ್ ಬ್ರೇಕಿಗೆ ಹೋಗುವ ವೈರ್ ಅದರಲ್ಲಿ ಇರುವುದೇ ಇಲ್ಲ. ನಾನು ಪೆಡಲ್ ಒತ್ತಿದಾಗ ಹಿಂದೆ ಹತ್ತಿದ್ದು ಕೆಂಪು ಲೈಟ್. ಅಷ್ಟೇ. ಟ್ರಕ್ಕಿನ ಪರದೆಯಲ್ಲಿ ಟ್ರೇಲರ್ ಸಿಕ್ಕಿದೆ ಅನ್ನುವ ಸಂದೇಶ ಬರಲಿಲ್ಲ, ಯಾಕೆ ಅಂತ ಕೇಳಿದೆ. ‘ಹೊಸ ಟ್ರಕ್ಕಿನ ಕಂಪ್ಯೂಟರಿಗೆ ಹಳೇ ಟ್ರೇಲರ್ ಗೊತ್ತಾಗಲ್ಲ, ತಲೆ ಕೆಡಿಸ್ಕೋಬೇಡ’ ಅಂದ. ಎಷ್ಟು ಸಲೀಸಾಗಿ ಹೇಳಿದ ಗೊತ್ತಾ. ಟೆಕ್ಸಾಸ್‌ನಲ್ಲಿ 4,500 ಪೌಂಡ್ ದಾಟಿದ ಟ್ರೇಲರನ್ನು ಹೈವೇ ವೇಗದಲ್ಲಿ ಎಳೆಯಬೇಕಾದರೆ ಅದಕ್ಕೆ ಬ್ರೇಕ್ ಇರಲೇಬೇಕು. ದಿನಾ ಟ್ರೇಲರ್ ಮಾರುವವನಿಗೆ ಇದು ಗೊತ್ತಿಲ್ಲದೇ ಇರುತ್ತಾ?

ಹೊರಡುವಾಗ ಪುಕ್ಕಟೆ ಸಲಹೆ ಬೇರೆ. ‘ಟ್ರಕ್ಕಿನ ಹಿಂಭಾಗ ಕೆಳಗೆ ಕೂತರೆ ಟ್ರ್ಯಾಕ್ಟರನ್ನು ಸ್ವಲ್ಪ ಹಿಂದಕ್ಕೆ ತಳ್ಳು, ಎದ್ದುಕೊಳ್ಳುತ್ತೆ.’ ಭಾರ ಹಂಚುವ ಹಿಚ್ (ಟ್ರೇಲರಿನ ಭಾರವನ್ನು ಟ್ರಕ್ಕಿನ ಮುಂದಿನ ಚಕ್ರಗಳಿಗೂ ಹಂಚುವ ಕೊಂಡಿ) ಬೇಕಾಗುತ್ತಾ ಅಂತ ಕೇಳಿದೆ. ‘ಇಲ್ಲಿ ಯಾರೂ ಅದನ್ನ ಹಾಕಲ್ಲ’ ಅಂದ. ನನ್ನ ಟ್ರಕ್ಕಿನ ಹಿಚ್ ಮೇಲಿರುವ ಸ್ಟಿಕ್ಕರಿನಲ್ಲೇ ಬರೆದಿದೆ: ಬರೀ ಕೊಂಡಿಯ ಚೆಂಡಿನ ಮೇಲಾದರೆ 5,000 ಪೌಂಡ್ ಟ್ರೇಲರ್, ಚೆಂಡಿನ ಮೇಲೆ ಬೀಳುವ ಭಾರ 500 ಪೌಂಡ್, ಅಷ್ಟೇ. ಅದಕ್ಕಿಂತ ಜಾಸ್ತಿ ಎಳೆಯಬೇಕಾದರೆ ಭಾರ ಹಂಚುವ ಹಿಚ್ ಹಾಕಲೇಬೇಕು. ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುವ 11,000, 12,000 ಎಲ್ಲ ಅದು ಇದ್ದಾಗಿನ ಮಾತು.

ಮೊದಲು ಖಾಲಿ ಟ್ರೇಲರನ್ನು ಮನೆಗೆ ತಂದಾಗ ಏನೂ ಗೊತ್ತಾಗಲಿಲ್ಲ. ಟ್ರ್ಯಾಕ್ಟರ್ ಏರಿಸಿಕೊಂಡು ಐ-35 ಹೈವೇಯಲ್ಲಿ ಹಿಲ್ಸ್‌ಬರೊ ದಾಟಿ ವೇಕೋ ಕಡೆಗೆ ಹೋಗುವಾಗ ಗೊತ್ತಾಯಿತು. 60 ಮೈಲಿ ವೇಗ, ಸಣ್ಣ ಇಳಿಜಾರು. ಪಕ್ಕದಲ್ಲಿ ಒಂದು ಹದಿನೆಂಟು ಚಕ್ರದ ಲಾರಿ ದಾಟಿ ಹೋಯಿತು. ಅದರ ಗಾಳಿಗೆ ಟ್ರೇಲರಿನ ಬಾಲ ಒಂದು ಸಲ ಅಲ್ಲಾಡಿತು. ಮತ್ತೆ ಅಲ್ಲಾಡಿತು, ಈ ಸಲ ಜಾಸ್ತಿ. ಕನ್ನಡಿಯಲ್ಲಿ ಟ್ರ್ಯಾಕ್ಟರ್ ಎಡಗಡೆ ಕಾಣುತ್ತಿದೆ, ಬಲಗಡೆ ಕಾಣುತ್ತಿದೆ. ಇಂಥ ಹೊತ್ತಿನಲ್ಲಿ ಟ್ರಕ್ಕಿನ ಬ್ರೇಕ್ ತುಳಿಯಬಾರದು. ಆಕ್ಸಿಲರೇಟರ್ ಬಿಟ್ಟು, ಸ್ಟೇರಿಂಗ್ ನೆಟ್ಟಗೆ ಹಿಡಿದು, ಡ್ಯಾಶ್‌ಬೋರ್ಡಿನ ಬ್ರೇಕ್ ಕಂಟ್ರೋಲರನ್ನು ಕೈಯಲ್ಲಿ ಒತ್ತಿ ಟ್ರೇಲರಿನ ಬ್ರೇಕನ್ನು ಮಾತ್ರ ಹಿಡಿಸಬೇಕು. ಒತ್ತಿದೆ. ಏನೂ ಇಲ್ಲ. ಮತ್ತೆ ಒತ್ತಿದೆ. ಏನೂ ಇಲ್ಲ! ಅಷ್ಟರಲ್ಲಿ ಢಮ್ ಅಂತ ಟ್ರೇಲರಿನ ಹಿಂದಿನ ಟೈರ್ ಹೋಯಿತು. ‘ರೀ, ಏನ್ರೀ ಅದು’ ಅಂತ ಹೆಂಡತಿ ಕಿರುಚಿದಳು. ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹೇಗೋ ವೇಗ ಇಳಿದು ಶೋಲ್ಡರಿಗೆ ಬಂದು ನಿಂತೆವು. ಯಾರಿಗೂ ಏನೂ ಆಗಲಿಲ್ಲ.

ಟೈರ್ ಬದಲಿಸಲು ಬಂದವನು ವಯಸ್ಸಾದ ಮನುಷ್ಯ. ಅರ್ಧ ಇಂಗ್ಲಿಷ್, ಅರ್ಧ ಸ್ಪ್ಯಾನಿಷ್. ಒಡೆದ ಟೈರನ್ನು ಮುಟ್ಟಲೂ ಇಲ್ಲ, ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತು ನನ್ನನ್ನೇ ನೋಡಿದ. ‘ಇದು ಎಷ್ಟರ ಟ್ರೇಲರ್?’ ಟೆನ್ ಕೆ ಅಂದೆ. ‘ಯಾರು ಹೇಳಿದ್ದು?’ ಅಂತ ಚಕ್ರದ ಬೋಲ್ಟುಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಎಣಿಸಿ ತೋರಿಸಿದ. ಐದು. ಐದು ಬೋಲ್ಟ್ ಅಂದರೆ ಸಾಮಾನ್ಯವಾಗಿ 3,500 ಪೌಂಡಿನ ಆಕ್ಸಲ್. ಎರಡು ಆಕ್ಸಲ್ ಸೇರಿ 7,000. ಹತ್ತು ಸಾವಿರದ್ದಕ್ಕೆ ಹಾಕುವ 5,200ರ ಆಕ್ಸಲಿಗೆ ಆರು ಬೋಲ್ಟ್ ಇರುತ್ತದೆ. ಆಮೇಲೆ ಮುಂದೆ ಬಂದು ಚೆಂಡಿನ ಮೇಲೆ ಕೂರುವ ಕಪ್ಲರನ್ನು ಸ್ಕ್ರೂಡ್ರೈವರಿನಿಂದ ಕೆರೆದ. ಕಪ್ಪು ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತು. ಕೆಳಗೆ ಕಬ್ಬಿಣದಲ್ಲೇ ಒತ್ತಿದ ಅಂಕಿ: 7000. ಪಕ್ಕದಲ್ಲಿ ಚೆಂಡಿನ ಅಳತೆ, 2 ಇಂಚು.

ಟೈರಿನ ಮೇಲಿನ ಡಾಟ್ ನಂಬರಿನ ಕೊನೆಯ ನಾಲ್ಕು ಅಂಕಿ 2314. ಅಂದರೆ 2014ರ 23ನೇ ವಾರದಲ್ಲಿ ತಯಾರಾದದ್ದು. ಪಾಲಿಶ್ ಹೊಡೆದು ಮಿಂಚಿಸಿದ್ದು ಇದನ್ನು! ಒಂದೊಂದು ಟೈರ್ ಹೊರುವುದು 1,820 ಪೌಂಡ್, ಅದೂ 50 ಪಿಎಸ್‌ಐ ಗಾಳಿ ಇದ್ದಾಗ. ನಾಲ್ಕೂ ಸೇರಿ 7,280. ಹತ್ತು ಸಾವಿರ ಎಲ್ಲಿಂದ ಬರಬೇಕು?

ಇನ್ನೂ ಇದೆ. ಚಕ್ರದ ಹಿಂದೆ ಟಾರ್ಚ್ ಹಾಕಿ ತೋರಿಸಿದ. ಮುಂದಿನ ಆಕ್ಸಲಿನಲ್ಲಿ ಬ್ರೇಕೇ ಇಲ್ಲ. ಹಿಂದಿನದರಲ್ಲಿ ಇದೆ, ಆದರೆ ವೈರ್ ಕತ್ತರಿಸಿ, ತುದಿಗೆ ಕಪ್ಪು ಟೇಪ್ ಸುತ್ತಿ, ಆಕ್ಸಲಿಗೆ ನೀಟಾಗಿ ಕಟ್ಟಿದ್ದಾರೆ. ಅದರ ಮೇಲೂ ಪೇಂಟ್. ಟ್ರೇಲರ್ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಿಡಿಯಲಿ ಅಂತ ಒಂದು ಬ್ಯಾಟರಿ ಡಬ್ಬಿ ಇರುತ್ತದೆ. ತೆಗೆದು ನೋಡಿದರೆ ಒಳಗೆ ಬ್ಯಾಟರಿ ಇಲ್ಲ, ಖಾಲಿ. ಆ ಖಾಲಿ ಡಬ್ಬಿ ನೋಡಿದಾಗ ಆದ ಅವಮಾನ ಇದೆಯಲ್ಲ, ಟೈರ್ ಒಡೆದಾಗಲೂ ಅಷ್ಟು ಆಗಲಿಲ್ಲ. ಮಕ್ಕಳ ಮುಂದೆ, ಹೆಂಡತಿಯ ಮುಂದೆ, ರಸ್ತೆಯಲ್ಲಿ ಹೋಗುವವರ ಮುಂದೆ.

ಆ ಮನುಷ್ಯನೇ ಹೈವೇ ಪಕ್ಕದ ಫ್ರಂಟೇಜ್ ರೋಡಿನಲ್ಲಿ ನಿಧಾನವಾಗಿ ನನ್ನ ಹಿಂದೆ ಬಂದು ಟ್ರಕ್ ಸ್ಟಾಪಿನವರೆಗೆ ಬಿಟ್ಟ. ಅಲ್ಲಿ ಲಾರಿ ತೂಗುವ ಕ್ಯಾಟ್ ಸ್ಕೇಲಿನಲ್ಲಿ ತೂಗಿಸಿದೆ. ಟ್ರೇಲರ್ ಆಕ್ಸಲುಗಳ ಮೇಲೇ 7,200. ಟ್ರೇಲರ್ ಬಿಚ್ಚಿಟ್ಟು ಟ್ರಕ್ಕನ್ನು ಮಾತ್ರ ಮತ್ತೆ ತೂಗಿಸಿದರೆ ಹಿಚ್ ಮೇಲೆ ಬಿದ್ದ ಭಾರ ಎಷ್ಟು ಅಂತ ಗೊತ್ತಾಗುತ್ತದೆ. ಬರೀ 300. ಇಂಥ ಟ್ರೇಲರಿನಲ್ಲಿ ಒಟ್ಟು ತೂಕದ ಶೇ 10ರಿಂದ 15ರಷ್ಟು ಹಿಚ್ ಮೇಲೆ ಇರಬೇಕು. ನನ್ನ ಲೋಡಿಗೆ ಕಮ್ಮಿ ಅಂದರೂ 750. ‘ಹಿಂದಕ್ಕೆ ತಳ್ಳು’ ಅಂದಿದ್ದನಲ್ಲ, ತಳ್ಳಿದ್ದೆ. ಟ್ರೇಲರಿನ ಬಾಲ ಅಲ್ಲಾಡಿದ್ದು ಅದರ ಫಲ. ಊರಿಗೆ ಫೋನ್ ಮಾಡಿದಾಗ ಅಪ್ಪ ಬೈದರು. ‘ಗಾಡಿ ಹಿಂಭಾರ ಆದ್ರೆ ಮೂಕಿ ಎದ್ದು ನೊಗ ಎತ್ತಿನ ಕೊರಳಿಗೆ ಬರುತ್ತೆ ಕಣಪ್ಪಾ. ಗಾಡಿ ಮೇಲೆ ಕೂತು ಬೆಳೆದೋನು ನೀನು. ಅಲ್ಲಿ ಯಾವನೋ ಹೇಳಿದ ಅಂತ ಹಿಂದಕ್ಕೆ ತಳ್ಳಿದ್ಯಾ?’ ಚನ್ನರಾಯಪಟ್ಟಣದಲ್ಲಿ ಕೂತು ಅವರು ಹೇಳಿದ್ದು ಇಲ್ಲಿ ಟ್ರೇಲರ್ ಮಾರುವವನಿಗೆ ಗೊತ್ತಿಲ್ಲ. ಅಥವಾ ಗೊತ್ತಿದ್ದೂ ಹೇಳಲಿಲ್ಲ.

ಈಗ ಮಾರಿದವನ ಉತ್ತರಗಳನ್ನು ಕೇಳಿ. ಮೊದಲು ಫೋನ್ ಎತ್ತಲಿಲ್ಲ. ಮೆಸೇಜ್ ಹಾಕಿದ ಮೇಲೆ ಬಂದ ಮೊದಲ ಮಾತು: ‘ಎಷ್ಟು ಸ್ಪೀಡಲ್ಲಿದ್ದೆ?’ ನಾವು ಹೇಗಿದ್ದೇವೆ ಅಂತ ಕೇಳಲಿಲ್ಲ. ಎಷ್ಟು ಸ್ಪೀಡು! ಆಮೇಲೆ ‘ಟೈರ್ ಅಂದ್ರೆ ಒಡೆಯುತ್ತೆ’. ಟೆನ್ ಕೆ ಅಂತ ಬರೆದಿದ್ದೀಯಲ್ಲ ಅಂದೆ. ‘ಅದು ನಿನ್ನ ಟ್ರಕ್ ಬಗ್ಗೆ ಹೇಳಿದ್ದು’ ಅಂತೆ. ಬ್ರೇಕ್ಸ್ ಗುಡ್ ಅಂತ ಕೂಗಿದೆಯಲ್ಲ ಅಂದೆ. ‘ಲೈಟ್ ನೋಡಿ ಹೇಳಿದೆ. ಹಿಂದೆ ನಿಂತವನಿಗೆ ಲೈಟ್ ಬಿಟ್ಟು ಇನ್ನೇನು ಕಾಣುತ್ತೆ?’ ಅಂತೆ. ಬಾಯಿ ನೋಡಿ! ಕತ್ತರಿಸಿದ ವೈರಿನ ಫೋಟೊ ಕಳಿಸಿದೆ. ಅದಕ್ಕೆ ಬಂದದ್ದು ನಾನು ಸಹಿ ಹಾಕಿದ ಕಾಗದದ ಫೋಟೊ, ‘ಆಸ್ ಈಸ್’ (ಇದ್ದ ಹಾಗೇ ಕೊಂಡಿದ್ದೇನೆ, ಆಮೇಲೆ ಕೇಳುವಂತಿಲ್ಲ) ಅನ್ನುವ ಸಾಲಿನ ಸುತ್ತ ಕೆಂಪು ಗೆರೆ ಎಳೆದು. ಆ ಕಾಗದದಲ್ಲಿ ‘18 ಅಡಿ ಟ್ರೇಲರ್’ ಅಂತ ಇದೆಯೇ ಹೊರತು ತೂಕದ ಅಂಕಿ ಎಲ್ಲೂ ಇಲ್ಲ. ಬೇಕಂತಲೇ ಬರೆದಿಲ್ಲ.

ಕೊನೆಗೆ ಒಂದು ಮಾತು ಹೇಳಿದ. ‘ನಿಮ್ಮವರು ತುಂಬಾ ಜನ ನನ್ನ ಹತ್ತಿರ ಟ್ರೇಲರ್ ತಗೊಂಡಿದ್ದಾರೆ. ಯಾರೂ ಗಲಾಟೆ ಮಾಡಿಲ್ಲ.’ ನಮ್ಮವರು ಅಂದರೆ ನೀವು. ಇದನ್ನು ಕನ್ನಡದಲ್ಲಿ ಬರೆಯಲು ಕೂತದ್ದೇ ಆ ಮಾತಿಗೆ. ಮುಂದಿನ ಟ್ರೇಲರಿಗೆ 150 ಡಾಲರ್ ರಿಯಾಯಿತಿ ಕೊಡುತ್ತಾನಂತೆ. ಅವನ ಹತ್ತಿರ ಇನ್ನೊಂದು ಟ್ರೇಲರ್!

ತಗೊಂಡಿರುವವರು ಇವತ್ತೇ ಹೋಗಿ ನೋಡಿ. ಚಕ್ರದ ಬೋಲ್ಟ್ ಎಣಿಸಿ. ಕಪ್ಲರಿನ ಬಣ್ಣ ಕೆರೆದು ಅಂಕಿ ಓದಿ. ಟೈರಿನ ವರ್ಷ ನೋಡಿ. ನಾಲ್ಕು ಪಿನ್ನಿನ ಪ್ಲಗ್ ಇದ್ದರೆ ಆ ಟ್ರೇಲರಿನಲ್ಲಿ ಎಲೆಕ್ಟ್ರಿಕ್ ಬ್ರೇಕ್ ಕೆಲಸ ಮಾಡುತ್ತಿಲ್ಲ ಅಂತಲೇ ತಿಳಿಯಿರಿ. ಏಳು ಪಿನ್ ಇದ್ದರೂ ನಂಬಬೇಡಿ: ಜಾಕ್ ಹಾಕಿ ಚಕ್ರ ಎತ್ತಿ, ಕೈಯಲ್ಲಿ ತಿರುಗಿಸಿ, ಒಳಗೆ ಒಬ್ಬರು ಕಂಟ್ರೋಲರ್ ಒತ್ತಲಿ. ಚಕ್ರ ನಿಲ್ಲಬೇಕು. ನಿಲ್ಲದಿದ್ದರೆ ಬಾಯಿಮಾತಿನ ‘ಗುಡ್’ ಅವನ ಹತ್ತಿರವೇ ಇರಲಿ. ಟ್ರಕ್ಕಿನ ಬಾಗಿಲ ಚೌಕಟ್ಟಿನಲ್ಲಿ ಹಳದಿ ಸ್ಟಿಕ್ಕರ್ ಇದೆ, ಜನ ಮತ್ತು ಸಾಮಾನು ಸೇರಿ ಎಷ್ಟು ಅಂತ. ನನ್ನದರಲ್ಲಿ 1,500ಕ್ಕಿಂತ ಸ್ವಲ್ಪ ಕಮ್ಮಿ. ಹಿಚ್ ಮೇಲೆ ಬೀಳುವ ಭಾರವೂ ಅದರಲ್ಲೇ ಸೇರುತ್ತದೆ, ಹೆಂಡತಿ ಮಕ್ಕಳ ತೂಕವೂ ಅದರಲ್ಲೇ. 2025ರಿಂದ ಟೆಕ್ಸಾಸ್‌ನಲ್ಲಿ ಸ್ವಂತ ಗಾಡಿಗಳ ವಾರ್ಷಿಕ ಸುರಕ್ಷತಾ ತಪಾಸಣೆಯೂ ಇಲ್ಲ. ನೀವು ನೋಡದಿದ್ದರೆ ಬೇರೆ ಯಾರೂ ನೋಡುವುದಿಲ್ಲ.

ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಗ್ರಾಹಕ ವಿಭಾಗಕ್ಕೆ ದೂರು ಕೊಟ್ಟಿದ್ದೇನೆ. ಸುಳ್ಳು ಹೇಳಿ ಮಾರಿದ್ದಕ್ಕೆ ‘ಆಸ್ ಈಸ್’ ರಕ್ಷಣೆ ಕೊಡುವುದಿಲ್ಲ ಅಂತ ವಕೀಲ ಗೆಳೆಯ ಹೇಳುತ್ತಾನೆ, ನೋಡೋಣ. ಮಾರಿದವನು ಮಾತ್ರ ಆರಾಮಾಗಿದ್ದಾನೆ. ಇನ್ನೊಂದು ಕಪ್ಪು ಟ್ರೇಲರಿನ ಜಾಹೀರಾತು ಹಾಕಿದ್ದಾನೆ, ಅದಕ್ಕೂ ಟೆನ್ ಕೆ ಅಂತಲೇ ಬರೆದಿದ್ದಾನೆ. ಫೋಟೊ ದೊಡ್ಡದು ಮಾಡಿ ಚಕ್ರ ನೋಡಿದೆ. ಐದೇ ಬೋಲ್ಟ್. ಲಾಟಿನ ಹೆಸರು ಇಲ್ಲಿ ಹಾಕುವುದಿಲ್ಲ. ಆ ಕಡೆ ಟ್ರೇಲರ್ ನೋಡಲು ಹೊರಟಿದ್ದರೆ ನನ್ನನ್ನು ಕೇಳಿ, ಹೇಳುತ್ತೇನೆ.