ಅಡಿಕೆ ಸುಲಿಯುತ್ತಾ ಕಾದಂಬರಿ ಹೇಳಿದೆ: ಫೋನಿನ ಕನ್ನಡ ಧ್ವನಿ ಟೈಪಿಂಗ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಸ್ಟಾರ್. ಅರ್ಜಿ, ಪತ್ರ ಬರೆಯುವವರು ಇಷ್ಟಕ್ಕೇ ನಿಲ್ಲಿಸಬಹುದು. ರಾಜ, ಮಾಟಗಾತಿ, ಮಾತಾಡುವ ಮರ ಇರುವಂಥ ಕಥೆ ಬರೆಯುವವರು ಮುಂದೆ ಓದಿ.

ನಮ್ಮದು ಸಾಗರ ತಾಲ್ಲೂಕಿನಲ್ಲಿ ಎರಡು ಎಕರೆ ಅಡಿಕೆ ತೋಟ. ಕೊಯ್ಲು ಶುರುವಾದರೆ ರಾತ್ರಿ ಹನ್ನೊಂದರವರೆಗೂ ಸುಲಿಯುವ ಕೆಲಸ. ಮೆಟ್ಟುಗತ್ತಿ ಮುಂದೆ ಕೂತರೆ ಎರಡೂ ಕೈ ಅದಕ್ಕೇ. ಬೆರಳೆಲ್ಲ ಕಪ್ಪು, ಅಂಟಂಟು. ಆ ಕೈಯಲ್ಲಿ ಫೋನು ಮುಟ್ಟಿದರೆ ಮನೆಯವರು ಬೈಯುತ್ತಾರೆ. ಹಾಗಾಗಿ ನನ್ನ ಕಾದಂಬರಿ ಪ್ರತಿ ವರ್ಷ ಕೊಯ್ಲು ಮುಗಿಯುವ ತನಕ ನಿಂತೇ ಹೋಗುತ್ತಿತ್ತು. ಕಳೆದ ಕೊಯ್ಲಿನಲ್ಲಿ ಮಗಳು ಕೀಬೋರ್ಡಿನ ಮೈಕ್ ಚಿತ್ರ ತೋರಿಸಿ, "ಅಮ್ಮ, ನೀನು ಸುಮ್ನೆ ಮಾತಾಡು, ಅದೇ ಬರ್ಕೊಳುತ್ತೆ" ಅಂದಳು. ಕನ್ನಡಕ್ಕೆ ಇದು 2017ರಲ್ಲೇ ಬಂದಿತ್ತಂತೆ. ಅಲ್ಲಿಂದ ನಮ್ಮ ಚಪ್ಪರಕ್ಕೆ ಬರುವಾಗ ಇಷ್ಟು ವರ್ಷ ಆಯಿತು.

ಮೊದಲ ರಾತ್ರಿ ಫೋನನ್ನು ಚಪ್ಪರದ ಕಂಬಕ್ಕೆ ಕಟ್ಟಿದೆ. ಅದು ನನ್ನದು ಬಿಟ್ಟು ಬೇರೆ ಎಲ್ಲರ ಮಾತನ್ನೂ ಬರೆದುಕೊಂಡಿತು. ಕೋಟೆ ಬಾಗಿಲು ಮುರಿಯುವ ಜಾಗದಲ್ಲಿ "ಹಣ್ಣಡಿಕೆ ಬೇರೆ ಹಾಕು" ಅಂತ ಅತ್ತೆಯ ಮಾತು ಕೂತಿತ್ತು. ಮಾರನೇ ದಿನ ಸಾಗರದಲ್ಲಿ 250 ರೂಪಾಯಿ ಕೊಟ್ಟು ಮೈಕ್ ಇರುವ ವೈರಿನ ಇಯರ್‌ಫೋನ್ ತಂದೆ. ಮೈಕನ್ನು ಪಿನ್ನು ಹಾಕಿ ಸೆರಗಿಗೆ ಸಿಕ್ಕಿಸಿಕೊಂಡೆ. ಆಮೇಲೆ ಪರವಾಗಿಲ್ಲ. ನಾಲ್ಕು ಕ್ಷಣ ಸುಮ್ಮನಿದ್ದರೆ ಮೈಕ್ ಆಫ್ ಆಗಿಬಿಡುತ್ತದೆ, ಮತ್ತೆ ಒತ್ತಬೇಕು. ನಾನು ಮೊಣಕೈಯಲ್ಲಿ ಒತ್ತುವುದನ್ನು ಕಲಿತೆ. ನಗಬೇಡಿ, ಬರುತ್ತದೆ.

ಪೂರ್ಣವಿರಾಮ, ಪ್ರಶ್ನೆ ಗುರುತು ಎಲ್ಲ ಕೈಯಾರೆ ಹಾಕಿಕೊಳ್ಳಬೇಕು. ಅದಕ್ಕಿಂತ ದೊಡ್ಡ ತಲೆನೋವು ಅಂಕಿಗಳದ್ದು. ಸತ್ತಂತೆ ಬಿದ್ದಿದ್ದ ಹುಡುಗನ ತಲೆ ಸವರಿ ಮಾಟಗಾತಿ "ಏಳು ಮಗನೇ, ಏಳು" ಅನ್ನುತ್ತಾಳೆ. ನಾನು ಗಂಟಲು ಬಿಗಿಹಿಡಿದು ಹೇಳಿದ್ದೆ. ಫೋನು ಬರೆದದ್ದು "7 ಮಗನೇ 7".

ಆದರೆ ನಿಜವಾದ ಗಲಾಟೆ ಆದದ್ದು ಹೆಸರುಗಳಲ್ಲಿ. 2020ರ ಲಾಕ್‌ಡೌನ್‌ನಲ್ಲಿ ನಾನು ಈ ಕಥೆಯ ತೊಂಬತ್ತು ಪುಟ ಕೈಯಲ್ಲಿ ಬರೆದಿದ್ದೆ. ಅದರಲ್ಲಿ ರಾಜಕುಮಾರನ ಹೆಸರು ಎಲ್ಡ್ರಿಯಾನ್, ಮಾಟಗಾತಿ ಜಿರಾನಿ. ಊರ ತುಂಬಾ ಹಿಮ ಬೀಳುತ್ತಿತ್ತು. ನಾನು ಕಣ್ಣಾರೆ ನೋಡಿದ ಹಿಮ ಅಂದರೆ ನಮ್ಮ ಫ್ರಿಡ್ಜಿನದ್ದು ಮಾತ್ರ. ಬರೆಯುವಾಗ ಅದೆಲ್ಲ ಬಹಳ ಗಂಭೀರವಾಗಿಯೇ ಇತ್ತು. ಈಗ ಚಪ್ಪರದಲ್ಲಿ ಕೂತು "ಎಲ್ಡ್ರಿಯಾನ್ ಕತ್ತಿ ಎತ್ತಿದ" ಅಂದೆ. ಫೋನು "ಎಲ್ಲಿದ್ರಿ ಅಣ್ಣ ಕತ್ತಿ ಎತ್ತಿದ" ಅಂತ ಬರೆಯಿತು. ಜಿರಾನಿ ಜೀರಿಗೆ ನೀರಾದಳು. ಓದಿ ಹೇಳಿದೆ, ಸುಲಿಯುವವರೆಲ್ಲ ಕತ್ತಿ ಬಿಟ್ಟು ನಕ್ಕರು. ನಾಲ್ಕು ದಿನ ತಿದ್ದಿದೆ. ಐದನೇ ದಿನ ಬಿಟ್ಟುಕೊಟ್ಟೆ. ಅಷ್ಟರಲ್ಲಿ ಎಲ್ಲರೂ "ಎಲ್ಲಿದ್ರಣ್ಣ ಏನು ಮಾಡಿದ ಇವತ್ತು?" ಅಂತಲೇ ಕೇಳುತ್ತಿದ್ದರು. ಈಗ ಅವನ ಹೆಸರು ಅದೇ. ಯಾವಾಗಲೂ ತಡವಾಗಿ ಬರುವವನು, ಬಂದಾಗ ಎಲ್ಲರೂ ಅದನ್ನೇ ಕೇಳುತ್ತಾರೆ. ಎಲ್ಡ್ರಿಯಾನ್‌ಗೆ ಒಂದು ಸ್ವಭಾವ ಅಂತಲೇ ಇರಲಿಲ್ಲ, ಬರೀ ಕತ್ತಿ ಇತ್ತು.

ಗಟ್ಟಿಯಾಗಿ ಹೇಳುವುದರಲ್ಲಿ ಇನ್ನೊಂದು ಅಪಾಯ ಇದೆ. ಜನ ಕೇಳಿಸಿಕೊಳ್ಳುತ್ತಾರೆ. ಪಕ್ಕದ ಮನೆ ಅಜ್ಜಿ ಎರಡು ದಿನ ಸುಮ್ಮನಿದ್ದು ಮೂರನೇ ದಿನ ಕೇಳಿದರು, "ಅಲ್ಲ ಮಾರಾಯ್ತಿ, ಮೂರು ದಿನದಿಂದ ಕುದುರೆ ಮೇಲೇ ಇದಾನೆ, ಅವನಿಗೆ ಊಟ ಇಲ್ವಾ? ಆ ಕುದುರೆಗೆ ಉಂಬಳ ಹತ್ತಲ್ವಾ?" ಉಂಬಳ ಅಂದರೆ ನಮ್ಮ ಕಾಡಿನ ಜಿಗಣೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ನಕ್ಷೆ ಬರೆದಿದ್ದೆ, ಏಳು ತಲೆಮಾರಿನ ವಂಶಾವಳಿ ಬರೆದಿದ್ದೆ, ಬುತ್ತಿ ಕಟ್ಟಿರಲಿಲ್ಲ.

ಅಜ್ಜಿಯ ತವರು ಶರಾವತಿ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ್ದು ಊರುಗಳಷ್ಟೇ ಅಲ್ಲ, ಅದಕ್ಕೂ ಮೊದಲು ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ಬೇಸಿಗೆಯಲ್ಲಿ ನೀರು ತುಂಬಾ ಇಳಿದ ವರ್ಷ ಅದು ಮೇಲೆ ಕಾಣುತ್ತದೆ. ನೀರಿನೊಳಗೆ ಒಂದು ಅಣೆಕಟ್ಟು! ನಾನು ಒಮ್ಮೆ ಹೋಗಿ ಅದರ ಮೇಲೆ ನಡೆದು ಬಂದಿದ್ದೇನೆ. ಬಂದ ಮೇಲೂ ಹಿಮದ ಕಥೆಯನ್ನೇ ಬರೆಯುತ್ತಿದ್ದೆ ಅಂದರೆ ನನ್ನ ಬುದ್ಧಿಗೆ ಏನು ಹೇಳುವುದು! ಈಗ ಹಿಮ ತೆಗೆದೆ. ನನ್ನ ರಾಜ್ಯದಲ್ಲಿ ತಿಂಗಳಿಲ್ಲ, ಅಣೆಕಟ್ಟಿನ ನೀರು ಎಷ್ಟು ಅಡಿಗೆ ಏರಿತು ಅನ್ನುವ ಲೆಕ್ಕದಲ್ಲೇ ಕಾಲ ಎಣಿಸುತ್ತಾರೆ. ನಮ್ಮ ಕಡೆ ಮಳೆಗಾಲದಲ್ಲಿ ಪೇಪರ್ ಬಿಡಿಸಿದರೆ ಮೊದಲು ನೋಡುವುದು ಅದನ್ನೇ ಅಲ್ವಾ. "ಸಾವಿರದ ಎಂಟುನೂರ ಹತ್ತೊಂಬತ್ತು ಅಡಿ" ಅಂದೆ. ಅದು ಲಿಂಗನಮಕ್ಕಿಯ ಪೂರ್ಣಮಟ್ಟ, ನನ್ನ ಕಥೆಯಲ್ಲಿ ಪ್ರಳಯದ ದಿನ. ಫೋನು ಒಂದೇ ಏಟಿಗೆ 1819 ಅಂತ ಸರಿಯಾಗಿ ಬರೆಯಿತು. ಅಂಕಿಯ ಹುಚ್ಚು ಒಂದು ಕಡೆಯಾದರೂ ಉಪಯೋಗಕ್ಕೆ ಬಂತು.

ಕೊಳ್ಳುವ ಮಾತಿಲ್ಲ, ಇದು ಫೋನಿನಲ್ಲೇ ಇರುತ್ತದೆ. ಆದರೆ ಕೆಲವು ವಿಷಯ ಗೊತ್ತಿರಲಿ. ನಮ್ಮಲ್ಲಿ ನೆಟ್‌ವರ್ಕ್ ಹೋದರೆ ಇದೂ ಹೋಗುತ್ತದೆ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಕೂತು ಮಾತಾಡಿದರೆ ನಮಗೇ ನಮ್ಮ ಮಾತು ಕೇಳಿಸುವುದಿಲ್ಲ, ಇನ್ನು ಅದಕ್ಕೆಲ್ಲಿ. ಒಂದು ಗಂಟೆ ಹೇಳಿದ್ದನ್ನು ತಿದ್ದಲು ನನಗೆ ಒಂದೂವರೆ ಗಂಟೆ ಬೇಕು. ಬೆಳಿಗ್ಗೆ ಕಾಫಿ ಹೊತ್ತಿನಲ್ಲಿ ತಿದ್ದುತ್ತೇನೆ. ಕಂಪ್ಯೂಟರಿನಲ್ಲಿ ವೇಗವಾಗಿ ಟೈಪ್ ಮಾಡಲು ಬರುವವರಿಗೆ ಇದು ಬೇಡವೇ ಬೇಡ. ಆದರೂ ಒಂದು ಕೊಯ್ಲಿನಲ್ಲಿ ಹನ್ನೊಂದು ಅಧ್ಯಾಯ ಆಯಿತು. ಹಿಂದಿನ ನಾಲ್ಕು ವರ್ಷಕ್ಕೆ ಸೇರಿ ಅಷ್ಟಾಗಿರಲಿಲ್ಲ.

ಆಡುಮಾತು ಇದಕ್ಕೆ ತಲೆಗೆ ಹೋಗುವುದಿಲ್ಲ. ಅಜ್ಜಿಯ ಬಾಯಲ್ಲೇ ಮುಳುಗಡೆಯ ಕಥೆ ಹೇಳಿಸೋಣ ಅಂತ ಒಂದು ರಾತ್ರಿ ಮೈಕನ್ನು ಅವರ ಸೆರಗಿಗೆ ಸಿಕ್ಕಿಸಿದೆ. "ಹೊಳೆ ದಾಟಿ ಬಂದ್ವಿ" ಅಂತ ಶುರು ಮಾಡಿದರು. ಫೋನು "ಒಳ್ಳೆ ದೋಟಿ ಬಂದ್ವಿ" ಅಂತ ಬರೆಯಿತು. ದೋಟಿ ಅಂದರೆ ಅಡಿಕೆ ಕೊಯ್ಯುವ ಉದ್ದನೆಯ ಕೋಲು. ಓದಿ ಹೇಳಿದೆ. ಅಜ್ಜಿ ಸುಲಿಯುವುದು ನಿಲ್ಲಿಸಿ, "ದೋಟಿ ಬಂತಾ? ಎಲ್ಲಿ?" ಅಂತ ಅಂಗಳದ ಕಡೆ ತಿರುಗಿ ನೋಡಿದರು.