ಎಟಿಮ್‌ಆನ್‌ಲೈನ್: ಇಂಗ್ಲಿಷ್ ಪದಗಳ ಬೇರು ತೋರಿಸುವ ನಿಘಂಟು

ನಾನು ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸುವವಳು. ಪದಗಳನ್ನು ಸುಮ್ನೆ ಉರು ಹೊಡೆಸುವುದು ನನಗೆ ಇಷ್ಟವಿಲ್ಲ. ಅದಕ್ಕೇ ಈ ನಿಘಂಟು ಬಹಳ ಹಿಡಿಸಿದೆ. ಇಂಟರ್ನೆಟ್ಟಿನಲ್ಲಿ ದುಡ್ಡು ಕೊಡದೆ ಓದಬಹುದು. ಅಮೆರಿಕದ ಡಗ್ಲಸ್ ಹಾರ್ಪರ್ ಇದನ್ನು 2000ದ ದಶಕದ ಆರಂಭದಲ್ಲಿ ಶುರು ಮಾಡಿದರು.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಟೀಚರೇ, ಹಟ್ಟಿಯ ಹಿಂಡಿ ಗೋಣಿಯ ಮೇಲೆ ಫೀಡ್ ಅಂತ ಉಂಟು. ಅಣ್ಣನ ಮೊಬೈಲಿನಲ್ಲೂ ಫೀಡ್ ಅಂತಾರೆ. ಎರಡೂ ಒಂದೆಯಾ?"

ಒಂದೇ. ಹಳೆಯ ಇಂಗ್ಲಿಷಿನ ‘ಫೇಡನ್’ ಇದರ ಮೂಲ. ಅದು ಹುಟ್ಟಿದ್ದು ಆಹಾರ ಎಂಬ ಅರ್ಥದ ‘ಫೋಡ’ದಿಂದ. ಇವತ್ತಿನ ‘ಫುಡ್’ ಅದೇ. ಮೇವಿನ ‘ಫಾಡರ್’, ಸಾಕಿ ಬೆಳೆಸುವ ‘ಫಾಸ್ಟರ್’ ಕೂಡ ಈ ಮನೆಯ ಮಕ್ಕಳೇ. ದನಕ್ಕೆ ಮೇವು ಕೊಟ್ಟ ಹಾಗೆ ಯಂತ್ರಕ್ಕೆ ಕಾಗದ, ದಾರ, ಕಾಳು ಕೊಡುವುದೂ ಫೀಡ್ ಆಯಿತು. ಮೊಬೈಲಿಗೆ ಒಂದರ ಹಿಂದೆ ಒಂದು ಸುದ್ದಿ ಬರುತ್ತಲೇ ಇರುವುದೂ ಫೀಡ್ ಆಯಿತು.

ಇನ್ನೂ ಹಿಂದೆ ಹೋದರೆ, ಇಂಗ್ಲಿಷ್, ಲ್ಯಾಟಿನ್, ಸಂಸ್ಕೃತಗಳಿಗೆಲ್ಲ ಮೂಲವಾದ ಹಳೆಯ ಭಾಷೆಯ ‘ಪಾ’ ಎಂಬ ಬೇರು ಸಿಗುತ್ತದೆ. ಕಾಯು, ಉಣಿಸು ಎಂದು ಅರ್ಥ. ಲ್ಯಾಟಿನ್ನಿನಲ್ಲಿ ರೊಟ್ಟಿಗೆ ಹೇಳುವ ‘ಪಾನಿಸ್’, ಕುರುಬನಿಗೆ ಹೇಳುವ ‘ಪಾಸ್ಟರ್’ ಇದರವು. ಜೊತೆಗೆ ರೊಟ್ಟಿ ತಿನ್ನುವವನೇ ‘ಕಂಪ್ಯಾನಿಯನ್’! ಸಂಸ್ಕೃತದಿಂದ ನಮಗೆ ಬಂದ ಗೋಪ, ಭೂಪ ಪದಗಳ ಕೊನೆಯ ‘ಪ’ ಸಹ ಈ ಬೇರಿನದ್ದೇ. ನಿಘಂಟಿನಲ್ಲಿ ಇಂಥ ಬೇರಿನ ಮುಂದೆ ಒಂದು ನಕ್ಷತ್ರದ ಗುರುತು ಇರುತ್ತದೆ. ಅದು ಯಾವ ಬರಹದಲ್ಲೂ ಸಿಕ್ಕಿದ್ದಲ್ಲ, ಭಾಷೆಗಳನ್ನು ಹೋಲಿಸಿ ವಿದ್ವಾಂಸರು ಕಟ್ಟಿಕೊಂಡ ರೂಪ ಎಂದರ್ಥ. ಮಕ್ಕಳಿಗೆ ಇದನ್ನು ತಪ್ಪದೆ ಹೇಳಬೇಕು.

ನಮ್ಮ ಊರಿನ ಮಕ್ಕಳಿಗೆ ಈ ಆಟ ಬೇಗ ಹಿಡಿಯುತ್ತದೆ. ಕನ್ನಡದ ‘ಮೇಯು’, ತುಳುವಿನ ‘ಮೇಪಿನಿ’, ಮಲಯಾಳದ ‘ಮೇಯುಕ’ ಮೂರನ್ನೂ ಅವರು ದಿನಾ ಕೇಳುತ್ತಾರಲ್ವಾ? 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಇಂಥ ನಂಟುಗಳನ್ನು ಆಗಲೇ ತೋರಿಸಿತ್ತು. ಲೈಬ್ರರಿಯಲ್ಲಿ ಸಿಕ್ಕರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಎಟಿಮ್‌ಆನ್‌ಲೈನಿಗೆ ಕೊರತೆಯೂ ಇದೆ. ಪದವನ್ನು ವಾಕ್ಯದಲ್ಲಿ ಬಳಸುವುದು ಹೇಗೆ ಎಂದು ಇಲ್ಲಿ ಕಲಿಯಲಾಗುವುದಿಲ್ಲ. ‘ಫೀಡ್ ದ ಕೌ’ ಅಂದರೆ ದನಕ್ಕೆ ಮೇವು ಹಾಕು. ‘ಕೌಸ್ ಫೀಡ್ ಆನ್ ಗ್ರಾಸ್’ ಅಂದರೆ ದನಗಳೇ ಹುಲ್ಲು ಮೇಯುತ್ತವೆ. ನಮ್ಮಲ್ಲಿ ಮೇಯು, ಮೇಯಿಸು ಎಂದು ಬೇರೆ ಬೇರೆ ಇರುವುದರಿಂದ ಮಕ್ಕಳು ಎಡವುವುದು ಇಲ್ಲೇ. ಅದಕ್ಕೆ ಮಾಮೂಲಿ ಇಂಗ್ಲಿಷ್–ಕನ್ನಡ ನಿಘಂಟು ಬೇಕೇ ಬೇಕು. ವಿವರಣೆಯ ಇಂಗ್ಲಿಷ್ ಕೂಡ ಹೈಸ್ಕೂಲು ಮಕ್ಕಳಿಗೆ ಗಟ್ಟಿ. ಅವರ ಕೈಗೆ ನೇರವಾಗಿ ಕೊಡುವುದಕ್ಕಿಂತ ಟೀಚರು ಮೊದಲು ಓದಿ, ಬೇಕಾದ್ದನ್ನು ಕನ್ನಡದಲ್ಲಿ ಬರೆದುಕೊಂಡು ಕ್ಲಾಸಿಗೆ ಹೋಗುವುದು ಒಳ್ಳೆಯದು.