ಹಸಿರು, ಕೆಂಪು, ಪಟ್ಟೆ: ಮೂರು ಅಲಂಕಾರದ ಹುಲ್ಲು ಬೆಳೆಸಿ ನೋಡಿದೆ

ಹುಲ್ಲು ಅಂದರೆ ಕಿತ್ತೆಸೆಯುವ ಕಳೆ ಎಂದುಕೊಂಡವರೇ ಜಾಸ್ತಿ. ನನಗೆ ಹುಲ್ಲು ಇಷ್ಟವಾಗಿದ್ದು ಗಾಳಿ ಬೀಸಿದಾಗ. ಹೂಗಿಡ ಸುಮ್ನೆ ಅಲ್ಲಾಡುತ್ತದೆ. ಹುಲ್ಲಿನ ಪೊದೆ ಬುಡದಿಂದ ತುದಿವರೆಗೆ ತೊನೆಯುತ್ತದೆ. ಅದಕ್ಕಾಗಿಯೇ ಮೂರು ಬಗೆಯನ್ನು ಒಂದೇ ಸಾಲಿನಲ್ಲಿ ನೆಟ್ಟು ಮೂರು ವರ್ಷ ನೋಡಿದೆ: ಹಸಿರು ಫೌಂಟನ್ ಗ್ರಾಸ್, ಕೆಂಪು ‘ರುಬ್ರಮ್’, ಹಳದಿ ಪಟ್ಟೆಯ ಝೀಬ್ರಾ ಗ್ರಾಸ್.

ಮೊದಲು ಮನಸ್ಸು ಗೆದ್ದಿದ್ದು ಹಸಿರು. ಬೀಜದಿಂದ ಸಲೀಸಾಗಿ ಬಂತು, ಮೊದಲ ವರ್ಷವೇ ತೆನೆ ಬಿಟ್ಟಿತು. ಸುಮಾರು 3 ಅಡಿ ಎತ್ತರ, ಕಾರಂಜಿಯ ಹಾಗೆ ಸುತ್ತಲೂ ಬಾಗಿದ ಎಲೆ. ಇದು ಸಜ್ಜೆಯ ಹತ್ತಿರದ ನೆಂಟ. ಆದರೆ ತೆನೆ ಮೃದು, ಬೆಕ್ಕಿನ ಬಾಲದಂತೆ. ನೀರು ಮರೆತರೂ ಬಾಡಲಿಲ್ಲ.

ತೊಂದರೆ ಶುರುವಾಗಿದ್ದು ಎರಡನೇ ವರ್ಷ. ಕಲ್ಲುಹಾಸಿನ ಸಂದಿಯಲ್ಲಿ, ಪಕ್ಕದ ಕುಂಡದಲ್ಲಿ, ಎಲ್ಲೆಲ್ಲೂ ಮರಿಗಳು. ಒಂದು ಒಣತೆನೆಯನ್ನು ಬೆರಳ ನಡುವೆ ಹಿಡಿದು ಸವರಿದೆ. ಅಂಗೈ ತುಂಬ ಬೀಜ, ಒಂದೊಂದಕ್ಕೂ ಗರಿಯಂಥ ರೋಮ. ಉಫ್ ಎಂದರೆ ಸಾಕು, ಹಾರಿಹೋಗುತ್ತದೆ. ಉತ್ತರ ಮತ್ತು ಪೂರ್ವ ಆಫ್ರಿಕಾ, ಪಶ್ಚಿಮ ಏಷ್ಯಾ ಇದರ ತವರು. ಹವಾಯಿಗೆ ಅಲಂಕಾರಕ್ಕೆಂದು ಹೋಗಿ ಒಣ ಲಾವಾ ನೆಲವನ್ನೆಲ್ಲ ಆವರಿಸಿಕೊಂಡಿದೆ. ಅಲ್ಲಿ ಒಣಗಿದ ಪೊದೆಗಳು ಬೆಂಕಿಗೆ ಸೌದೆಯಾಗುತ್ತವೆ. ಯುರೋಪಿಯನ್ ಒಕ್ಕೂಟ 2017ರಲ್ಲಿ ಇದನ್ನು ಆಕ್ರಮಣಕಾರಿ ಸಸ್ಯಗಳ ಪಟ್ಟಿಗೆ ಸೇರಿಸಿತು. ಇದನ್ನೆಲ್ಲ ನೆಡುವ ಮೊದಲೇ ಓದಬೇಕಿತ್ತು. ಎಷ್ಟೇ ಚೆಂದ ಇದ್ದರೂ ಬೇಲಿ ದಾಟುವ ಹುಲ್ಲನ್ನು ನಾನು ಯಾರಿಗೂ ನೆಡಿ ಎನ್ನಲಾರೆ.

ರುಬ್ರಮ್‌ನ ವಿಷಯ ಬೇರೆ. ತೊನೆದಾಟ ಅದೇ, ಆದರೆ ಬೀಜ ಕಟ್ಟುವುದು ತೀರಾ ಅಪರೂಪ. ಮೂರು ವರ್ಷದಲ್ಲಿ ಒಂದು ಮರಿಯೂ ಏಳಲಿಲ್ಲ. ಎಲೆ ಗಾಢ ಕೆಂಗಂದು ಬಣ್ಣ, ತೆನೆ ನಸುಗೆಂಪು. ಸಂಜೆ ಬಿಸಿಲು ಹಿಂದಿನಿಂದ ಬಿದ್ದಾಗ ಎಲೆಯೊಳಗೇ ದೀಪ ಹಚ್ಚಿದಂತಿರುತ್ತದೆ. ಬಿಸಿಲು ಮಾತ್ರ ಧಾರಾಳವಾಗಿ ಬೇಕು. ಮರದ ನೆರಳಿಗೆ ಸಿಕ್ಕಿದ ಒಂದು ಪೊದೆ ಮಂಕಾಗಿ ಹಸಿರಿಗೆ ತಿರುಗಿತು. ಹಿಮ ಬೀಳುವ ಕಡೆ ಹೊರಗೆ ಬಿಟ್ಟರೆ ಸತ್ತೇಹೋಗುತ್ತದೆ, ಅಲ್ಲಿ ಕುಂಡದಲ್ಲಿಟ್ಟು ಚಳಿಗೆ ಒಳಗೆ ತರಬೇಕು.

ಗಿಡ ಹೆಚ್ಚಿಸಲು ಬುಡ ಸೀಳಬೇಕು. ಬೇರು ಚಾಪೆ ಹೆಣೆದಂತೆ ಬಿಗಿಯಾಗಿರುತ್ತದೆ, ಕೈಯಿಂದ ಆಗುವ ಕೆಲಸವಲ್ಲ. ಹರಿತವಾದ ಗುದ್ದಲಿಯಿಂದ ಕಡಿದೆ. ಒಂದೊಂದು ಹೋಳಿಗೂ ನಾಲ್ಕೈದು ಕುಡಿ ಉಳಿಸಿಕೊಂಡೆ. ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿ ನೆಟ್ಟು, ಚಿಗುರುವ ತನಕ ಮಣ್ಣು ಒಣಗದಂತೆ ನೋಡಿಕೊಂಡೆ. ಆರು ಹೋಳಿನಲ್ಲಿ ಐದು ಹಿಡಿದವು.

ಝೀಬ್ರಾ ಗ್ರಾಸ್ ಕಬ್ಬಿನ ಕಡೆಯ ನೆಂಟ, ಪೂರ್ವ ಏಷ್ಯಾದ್ದು. 6 ಅಡಿ ಬೆಳೆಯಿತು. ಪಟ್ಟೆಗಳು ಎಲೆಗೆ ಅಡ್ಡಡ್ಡ ಬರುತ್ತವೆ, ಅದೇ ಇದರ ವಿಶೇಷ. ಹೊಸ ಎಲೆ ಮೊದಲು ಬರೀ ಹಸಿರು, ಪಟ್ಟೆ ಮೂಡುವುದು ಆಮೇಲೆ. ಕಾಯದೆ ಬೇರೆ ಗಿಡ ಕೊಟ್ಟರೇನೋ ಅಂದುಕೊಳ್ಳಬೇಡಿ. ಎಲೆಯಂಚು ಗರಗಸ, ತುಂಬುತೋಳಿನ ಅಂಗಿ ಹಾಕದೆ ಕೈಹಾಕಬಾರದು. ಜೋರು ಮಳೆಗೆ ಇಡೀ ಪೊದೆ ಮಗುಚಿಕೊಂಡು ದಾರಕಟ್ಟಿ ನಿಲ್ಲಿಸಬೇಕಾಯಿತು. ಇದೇ ಪಟ್ಟೆಯ ‘ಸ್ಟ್ರಿಕ್ಟಸ್’ ತಳಿ ಇದಕ್ಕಿಂತ ನೆಟ್ಟಗೆ ನಿಲ್ಲುತ್ತದೆ, ಜಾಗ ಚಿಕ್ಕದಿದ್ದರೆ ಅದನ್ನೇ ತನ್ನಿ. ಮೂರನೇ ವರ್ಷಕ್ಕೆ ಪೊದೆಯ ನಡುಭಾಗ ಒಣಗಿ ಬೋಳಾಯಿತು. ಆಗ ಇದನ್ನೂ ಸೀಳಿ ನೆಡಬೇಕು.

ಮೂರಕ್ಕೂ ನೀರು ನಿಲ್ಲದ ಮಣ್ಣು ಬೇಕು. ಗೊಬ್ಬರ ಕಡಿಮೆ ಹಾಕಿ, ಜಾಸ್ತಿಯಾದರೆ ಎಲೆ ಸೊಕ್ಕಿ ಬೀಳುತ್ತದೆ. ಹೊಸ ಚಿಗುರು ಬರುವ ಮೊದಲು ವರ್ಷಕ್ಕೊಮ್ಮೆ ಗೇಣೆತ್ತರಕ್ಕೆ ಕತ್ತರಿಸಿದರೆ ಸಾಕು.

ಹಸಿರನ್ನು ಬುಡಸಮೇತ ತೆಗೆದೆ, ಅಲ್ಲಿ ಈಗ ರುಬ್ರಮ್ ಇದೆ. ಝೀಬ್ರಾ ಯಾರ ಕೈಗೂ ತಾಗದಂತೆ ಹಿಂದಿನ ಮೂಲೆಗೆ ಹೋಯಿತು. ಕಲ್ಲುಹಾಸಿನ ಸಂದಿಯಲ್ಲಿ ಹಸಿರು ಮರಿ ಇನ್ನೂ ಏಳುತ್ತಲೇ ಇವೆ. ತೆನೆ ಬರುವ ಮೊದಲೇ ಕೀಳುತ್ತಿದ್ದೇನೆ.